ಎಲ್ಲಿಯ ಮಣ್ಣು, ಎಷ್ಟು ಮಣ್ಣು?

ಮಣ್ಣು ತಿಂದರೆ ಮಿದುಳಿಗೆ ಹುಳು ಹತ್ತುತ್ತದೆಯೇ ಎಂದು ಯಾರಾದರೂ ನೇರವಾಗಿ ಕೇಳಿದರೆ, ‘ಸಾಮಾನ್ಯವಾಗಿ ಇಲ್ಲ’ ಎನ್ನುವುದೇ ಪ್ರಾಮಾಣಿಕ ಉತ್ತರ. ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಬೆರಳಿಗೆ ಮೆತ್ತಿದ ಮಣ್ಣು ಚೀಪುತ್ತದೆ, ಬೈಸಿಕೊಳ್ಳುತ್ತದೆ, ಅಜ್ಜಿ ಅತ್ತ ತಿರುಗಿದೊಡನೆ ಮತ್ತೆ ಚೀಪುತ್ತದೆ. ಬಹುಪಾಲು ಕೂಸುಗಳಿಗೆ ಏನೂ ಆಗುವುದಿಲ್ಲ. ಆದರೂ ಕಳೆದ ಕೆಲವು ದಶಕಗಳ ವೈದ್ಯಕೀಯ ಪತ್ರಿಕೆಗಳನ್ನು ತಿರುವಿದರೆ ಒಂದೇ ಬಗೆಯ ಪ್ರಕರಣ ಬೇರೆ ಬೇರೆ ದೇಶಗಳಿಂದ ವರದಿಯಾಗುತ್ತಲೇ ಇದೆ. ಮಣ್ಣು, ಮರದ ಚಕ್ಕೆ, ಕಲ್ಲು, ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಗು. ಕೆಲವು ವಾರಗಳ ಮೇಲೆ ವಾಂತಿ, ಕಿರಿಕಿರಿ, ಕತ್ತಿನ ಬಿಗಿತ, ಮಂಪರು. ಬೆನ್ನಿನಿಂದ ತೆಗೆದ ನೀರಿನಲ್ಲಿ ಬ್ಯಾಕ್ಟೀರಿಯಾ ಸಿಗದು, ಬದಲಿಗೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಹಿಂಡು ಸಿಗುತ್ತದೆ. ಹುಳುವಿನ ಮರಿಗಳಿಂದ ಬಂದ ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಯ ಉರಿಯೂತ. ‘ಸಾಮಾನ್ಯವಾಗಿ ಇಲ್ಲ’ ಎಂಬುದೂ ನಿಜ, ಈ ವರದಿಗಳೂ ನಿಜ. ಎರಡನ್ನೂ ಹೊಂದಿಸಲು ಎರಡು ಸಂಗತಿ ತಿಳಿಯಬೇಕು: ತಿಂದದ್ದು ಎಲ್ಲಿಯ ಮಣ್ಣು, ಎಷ್ಟು ಮಣ್ಣು. ಇವೆರಡನ್ನೂ ಯಾವ ಸ್ಕ್ಯಾನಿಂಗ್ ಯಂತ್ರವೂ ಹೇಳುವುದಿಲ್ಲ. ತಿಂದವರು ಹೇಳಬೇಕು, ಇಲ್ಲವೆ ನೋಡಿದವರು ಹೇಳಬೇಕು. ಮಣ್ಣು ತಿನ್ನುವುದನ್ನು ನಾಚಿಕೆಯ ವಿಷಯ ಮಾಡಿರುವ ಕಡೆ ಇಬ್ಬರೂ ಬಾಯಿ ಬಿಡುವುದಿಲ್ಲ. ಈ ಕಾಯಿಲೆಯ ವಿರುದ್ಧ ನಮ್ಮ ಕೈಲಿರುವ ಅತ್ಯಂತ ಅಗ್ಗದ ಪರೀಕ್ಷೆ ಹೀಗೆ ಕೈತಪ್ಪುತ್ತದೆ ಎಂಬುದೇ ನನ್ನ ವಾದ.

ಆಹಾರವಲ್ಲದ್ದನ್ನು ತಿಂಗಳಿಗೂ ಮೀರಿ ಬಿಡದೆ ತಿನ್ನುವುದನ್ನು ವೈದ್ಯರು ಪೈಕಾ ಎನ್ನುತ್ತಾರೆ. ಎರಡು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನು ಬಾಯಿಗಿಡುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಆ ವಯಸ್ಸಿನ ಕಲಿಕೆ. ನಮ್ಮ ಕಡೆ ಹೀಗೆ ತಿನ್ನುವ ವಸ್ತುಗಳು ಹಲವು: ಬಳಪ, ಸೀಮೆಸುಣ್ಣ, ಇದ್ದಿಲು, ಒಲೆಯ ಬೂದಿ, ಗೋಡೆಯ ಸುಣ್ಣದ ಹಕ್ಕಳೆ, ಕೆಮ್ಮಣ್ಣು, ಹುತ್ತದ ಮಣ್ಣು. ಮಣ್ಣು ತಿಂದ ಬಾಲಕೃಷ್ಣನನ್ನು ಮುದ್ದಿಸಿದ ಸಂಸ್ಕೃತಿ ನಮ್ಮದು. ಕಾಳಿದಾಸನ ರಘುವಂಶದಲ್ಲಿ ಗರ್ಭಿಣಿ ಸುದಕ್ಷಿಣೆಯ ಬಾಯಿಂದ ಬರುವ ಮಣ್ಣಿನ ವಾಸನೆ ದಿಲೀಪನಿಗೆ ಹಿತವಾಗುತ್ತದೆ. ಚರಕಸಂಹಿತೆ ಇಷ್ಟು ಮೃದುವಲ್ಲ. ಪಾಂಡುರೋಗದ ಐದು ಬಗೆಗಳಲ್ಲಿ ಒಂದನ್ನು ಅದು ಮಣ್ಣು ತಿನ್ನುವವರಿಗೇ ಮೀಸಲಿಟ್ಟು, ಹೊಟ್ಟೆಯಲ್ಲಿ ಕ್ರಿಮಿಗಳಾಗುವುದನ್ನೂ ಅದರ ಲಕ್ಷಣಗಳಲ್ಲಿ ಸೇರಿಸುತ್ತದೆ. ಮಣ್ಣು, ರಕ್ತಹೀನತೆ, ಹುಳು ಮೂರನ್ನೂ ಒಂದೇ ಕಡೆ ಕಂಡ ಆ ಕಣ್ಣು ಸೂಕ್ಷ್ಮವಾದದ್ದು. ಮಣ್ಣಿನಿಂದ ರಕ್ತಹೀನತೆ ಎಂದು ಅಂದಿನವರು ತಿಳಿದರು. ಕಬ್ಬಿಣದ ಕೊರತೆಯೇ ಮಣ್ಣಿನ ಬಯಕೆ ಹುಟ್ಟಿಸುವುದೂ ಸಾಮಾನ್ಯ ಎಂಬುದು ಇಂದಿನ ತಿಳಿವಳಿಕೆ. ಕೊರತೆ ಬಯಕೆಯನ್ನು ಹುಟ್ಟಿಸುತ್ತದೆ, ತಿಂದ ಮಣ್ಣು ಕರುಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕಿ ಕೊರತೆಯನ್ನು ಇನ್ನಷ್ಟು ಹೆಚ್ಚಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67, ಗರ್ಭಿಣಿಯರಲ್ಲಿ ಶೇ 52 ಮಂದಿಗೆ ರಕ್ತಹೀನತೆಯಿದೆ. ಎಂದರೆ ಮಣ್ಣಿನ ಬಯಕೆ ಹುಟ್ಟುವ ನೆಲ ನಮ್ಮಲ್ಲಿ ವಿಶಾಲವಾಗಿದೆ. ಇನ್ನೊಂದು ಗುಂಪನ್ನು ನಾವು ಮರೆಯುವುದೇ ಹೆಚ್ಚು. ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆಟಿಸಂ ಇರುವ ಶಾಲಾಪೂರ್ವ ಮಕ್ಕಳ ಪೈಕಿ ಸುಮಾರು ಶೇ 23ರಷ್ಟು ಮಕ್ಕಳಲ್ಲಿ ಪೈಕಾ ಇತ್ತು. ಸಾಮಾನ್ಯ ಜನಸಂಖ್ಯೆಯಿಂದ ಆಯ್ದ ಮಕ್ಕಳಲ್ಲಿ ಅದು ಶೇ 3.5 ಮಾತ್ರ. ಬಸುರಿ ಹೆಂಗಸು ಬಳಪವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಾಳು. ಈ ಮಕ್ಕಳಲ್ಲಿ ಅನೇಕರಿಗೆ ಬಚ್ಚಿಡಲೂ ಬಾರದು, ಏನು ತಿಂದೆ ಎಂದು ಹೇಳಲೂ ಬಾರದು.

ಮಣ್ಣಿನಲ್ಲಿರುವ ಹುಳು ಮನುಷ್ಯನ ಒಳಾಂಗಗಳಲ್ಲಿ ಅಲೆಯಬಲ್ಲದು ಎಂಬುದು ಗಟ್ಟಿಯಾಗಿ ಸಾಬೀತಾದದ್ದು 1950ರ ದಶಕದ ಆರಂಭದಲ್ಲಿ. ಗಡ್ಡೆಯಿರಬೇಕೆಂದು ಅಂಜಿ ತೆಗೆದುಹಾಕಿದ್ದ ಮಕ್ಕಳ ಕಣ್ಣುಗಳನ್ನು ಹಾಳೆಹಾಳೆಯಾಗಿ ಕೊಯ್ದು ನೋಡಿದ ಹೆಲನರ್ ವೈಲ್ಡರ್, ಅವುಗಳಲ್ಲಿ ಹುಳುವಿನ ಮರಿಗಳಿರುವುದನ್ನು 1950ರಲ್ಲಿ ವರದಿ ಮಾಡಿದರು. ಎರಡು ವರ್ಷದ ಬಳಿಕ ನ್ಯೂ ಆರ್ಲಿಯನ್ಸ್‌ನಲ್ಲಿ ಪಾಲ್ ಬೀವರ್ ಮತ್ತು ಸಂಗಡಿಗರು, ರಕ್ತದಲ್ಲಿ ಇಯೊಸಿನೊಫಿಲ್ ವಿಪರೀತ ಏರಿದ್ದ ಮಕ್ಕಳನ್ನು ಪರಿಶೀಲಿಸುತ್ತ, ಯಕೃತ್ತಿನ ತುಣುಕಿನಲ್ಲಿ ನಾಯಿಯ ದುಂಡುಹುಳುವಿನ ಮರಿಯನ್ನು ಗುರುತಿಸಿದರು. ಟಾಕ್ಸೊಕಾರಾ ಎಂಬ ಈ ಹುಳುವಿಗೆ ನಾಯಿಯೇ ಮನೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗಳಿಗೆ ಅಂಟುತ್ತದೆ. ಹಾಗಾಗಿ ಬೀದಿಯಲ್ಲಿ ಕುಣಿಯುವ ಪುಟ್ಟ ನಾಯಿಮರಿಯ ಮಲದಲ್ಲೇ ಮೊಟ್ಟೆ ಹೆಚ್ಚು. ಒಂದು ವಿವರ ಇಲ್ಲಿ ಮುಖ್ಯ: ಹೊಸ ಮಲದಲ್ಲಿರುವ ಮೊಟ್ಟೆಯಿಂದ ಸೋಂಕು ತಗಲುವುದಿಲ್ಲ. ಅದು ಮಣ್ಣಿನಲ್ಲಿ ಕೆಲವು ವಾರ ಬಿದ್ದು, ಒಳಗೆ ಮರಿ ಬೆಳೆದಮೇಲಷ್ಟೇ ಅಪಾಯಕಾರಿ. ಅಷ್ಟರಲ್ಲಿ ಮಲ ಮಳೆಗೆ ಕರಗಿ ಹೋಗಿರುತ್ತದೆ, ನೆಲ ಚೊಕ್ಕವಾಗಿ ಕಾಣುತ್ತದೆ. ಗಟ್ಟಿ ಕವಚದ ಮೊಟ್ಟೆ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಕಣ್ಣಿಗೆ ಹೇಸಿಗೆ ಕಾಣುವ ಜಾಗದಿಂದ ಮಗುವನ್ನು ದೂರ ಎಳೆಯುವ ತಾಯಿ, ಶುದ್ಧವಾಗಿ ಕಾಣುವ ಜಾಗದಲ್ಲಿ ಆಡಲು ಬಿಡುತ್ತಾಳೆ. ಅದು ಅವಳ ತಪ್ಪಲ್ಲ. ನುಂಗಿದ ಮೊಟ್ಟೆ ಕರುಳಿನಲ್ಲಿ ಒಡೆದು, ಮರಿ ಗೋಡೆ ತೂರಿ, ರಕ್ತದ ಜೊತೆ ಯಕೃತ್ತು, ಶ್ವಾಸಕೋಶ, ಕಣ್ಣು, ಅಪರೂಪಕ್ಕೆ ಮಿದುಳು ಎಂದು ಅಲೆಯುತ್ತದೆ. ಮನುಷ್ಯದೇಹ ಅದಕ್ಕೆ ಒಗ್ಗದ ಊರು. ಅಲ್ಲಿ ಎಂದೂ ದೊಡ್ಡದಾಗದು, ಮೊಟ್ಟೆಯಿಡದು. ಮಗುವಿನ ಮಲ ಪರೀಕ್ಷೆ ಮಾಡಿಸಿ ‘ಹುಳು ಇಲ್ಲ’ ಎಂದು ಸಮಾಧಾನ ಪಡುವುದಕ್ಕೆ ಈ ಕಾರಣದಿಂದಲೇ ಅರ್ಥವಿಲ್ಲ.

ಇದರ ಕ್ರೂರ ದಾಯಾದಿಯೊಂದು ಉತ್ತರ ಅಮೆರಿಕದಲ್ಲಿದೆ. ಅಲ್ಲಿಯ ಬಡಾವಣೆಗಳ ಹಿತ್ತಿಲುಗಳಲ್ಲಿ ರಾತ್ರಿ ಕಸದ ಡಬ್ಬಿ ತಡಕುವ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತೆ ಕಾಣುವ ರಕೂನ್ ಎಂಬ ಪ್ರಾಣಿಯ ಕರುಳಿನಲ್ಲಿ ವಾಸಿಸುವ ಬೈಲಿಸಾಸ್ಕರಿಸ್ ಹುಳು. ರಕೂನ್‌ಗಳು ಎಲ್ಲೆಂದರಲ್ಲಿ ಹೇತುಹೋಗುವುದಿಲ್ಲ. ಮರದ ಬುಡ, ಸೌದೆ ರಾಶಿ, ಮನೆಯ ಚಾವಣಿ, ಮಕ್ಕಳ ಮರಳುಗುಂಡಿ ಹೀಗೆ ಜಾಗ ಗೊತ್ತುಮಾಡಿಕೊಂಡು ದಿನವೂ ಅಲ್ಲಿಗೇ ಬರುತ್ತವೆ. ಸೋಂಕಿರುವ ಒಂದು ಪ್ರಾಣಿ ದಿನಕ್ಕೆ ಲಕ್ಷಾಂತರ ಮೊಟ್ಟೆ ಹೊರಹಾಕುವುದರಿಂದ ಅಂಥ ಕಡೆಯ ಒಂದು ಚಮಚ ಮಣ್ಣಿನಲ್ಲಿ ಸಾವಿರಾರು ಮೊಟ್ಟೆಗಳಿರಬಹುದು. ಟಾಕ್ಸೊಕಾರಾ ಮರಿ ಮನುಷ್ಯರಲ್ಲಿ ಬೆಳೆಯದೆ ಉಳಿದರೆ, ಇದರ ಮರಿ ಅಲೆಯುತ್ತಲೇ ಬೆಳೆದು ಸುಮಾರು ಎರಡು ಮಿಲಿಮೀಟರ್ ಆಗುತ್ತದೆ, ಮಿದುಳಿನ ಕಡೆಗೆ ಒಲವೂ ಇದಕ್ಕೆ ಹೆಚ್ಚು. 1980ರ ದಶಕದಲ್ಲಿ ಮೊದಲ ಸಾವುಗಳು ವರದಿಯಾದಾಗಿನಿಂದ ದಾಖಲಾಗಿರುವ ತೀವ್ರ ಪ್ರಕರಣಗಳು ಕೆಲವು ಡಜನ್‌ನಷ್ಟೇ. ಆದರೆ ಅವುಗಳಲ್ಲಿ ಬಹುಪಾಲು ಪುಟ್ಟ ಮಕ್ಕಳು ಇಲ್ಲವೆ ಬುದ್ಧಿ ಬೆಳವಣಿಗೆಯ ತೊಡಕಿರುವವರು. ಮಣ್ಣು ಮತ್ತು ಮರದ ಸಿಪ್ಪೆ ತಿನ್ನುವ ಚಾಳಿ ಅವರ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ಬದುಕಿ ಉಳಿದ ಮಕ್ಕಳಲ್ಲಿ ಅನೇಕರಿಗೆ ದೃಷ್ಟಿ ಹೋಗಿದೆ, ನಡಿಗೆ ಹೋಗಿದೆ. ರಕೂನ್ ನಮ್ಮ ದೇಶದ ಪ್ರಾಣಿಯಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿ, ಊರಿನಿಂದ ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿ-ತಾತನನ್ನು ಕರೆಸಿಕೊಳ್ಳುವ ಕನ್ನಡ ಕುಟುಂಬಗಳಿಗೆ ಹಿತ್ತಿಲಿನ ಆ ಮರದ ಬುಡದ ಪರಿಚಯ ಇರುವುದು ಒಳ್ಳೆಯದು.

‘ನಾವೆಲ್ಲ ಮಣ್ಣು ತಿಂದೇ ಬೆಳೆದವರು, ನಮಗೇನಾಯಿತು?’ ಎಂಬ ಆಕ್ಷೇಪ ಈಗ ಬಂದೇ ಬರುತ್ತದೆ. ಅದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ, ಏಕೆಂದರೆ ವಿಜ್ಞಾನವೂ ಅದನ್ನು ಅರ್ಧ ಒಪ್ಪುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಆರೋಗ್ಯವಾಗಿದ್ದ 150 ಮಂದಿ ವಯಸ್ಕರ ರಕ್ತ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 7ರಷ್ಟು ಮಂದಿಯಲ್ಲಿ ಈ ರಕೂನ್ ಹುಳುವಿನ ವಿರುದ್ಧದ ಪ್ರತಿಕಾಯಗಳಿದ್ದವು. ಎಂದೋ ಒಂದೆರಡು ಮೊಟ್ಟೆ ಅವರ ಹೊಟ್ಟೆ ಸೇರಿತ್ತು. ಅವರಿಗದು ಗೊತ್ತೇ ಆಗಿರಲಿಲ್ಲ. ಟಾಕ್ಸೊಕಾರಾ ಪ್ರತಿಕಾಯಗಳಂತೂ ಜಗತ್ತಿನಾದ್ಯಂತ ಅಸಂಖ್ಯ ಜನರಲ್ಲಿವೆ. ಎಂದ ಮೇಲೆ ಸೋಂಕು ಬೇರೆ, ಕಾಯಿಲೆ ಬೇರೆ. ಎರಡರ ನಡುವೆ ನಿಂತಿರುವುದು ಮೊಟ್ಟೆಗಳ ಸಂಖ್ಯೆ. ದೇಹದಲ್ಲಿ ಹತ್ತು ಮರಿ ಅಲೆದರೆ ಅವು ಎಲ್ಲೋ ಮಾಂಸಖಂಡದಲ್ಲಿ ಸಿಕ್ಕಿ ಅಲ್ಲೇ ಮುಗಿಯುತ್ತವೆ. ಹತ್ತು ಸಾವಿರ ಮರಿ ಅಲೆದರೆ ಅವುಗಳಲ್ಲಿ ಕೆಲವು ನೂರಾದರೂ ಮಿದುಳು ಮುಟ್ಟುತ್ತವೆ. ಬೆರಳಿಗೆ ಮೆತ್ತಿದ ಮಣ್ಣನ್ನು ಚೀಪಿದ ಕೂಸಿಗೂ, ದಿನವೂ ಒಂದೇ ಜಾಗದಿಂದ ಹಿಡಿಹಿಡಿ ಮಣ್ಣು ಮುಕ್ಕುವ ಮಗುವಿಗೂ ಇರುವ ವ್ಯತ್ಯಾಸ ಇದೇ. ಪೈಕಾ ಎಂಬುದು ಪ್ರಮಾಣವನ್ನು ಏರಿಸುವ ಯಂತ್ರ. ‘ನಮಗೇನಾಯಿತು’ ಎನ್ನುವವರು ಬೆರಳು ಚೀಪಿದ ಗುಂಪಿನವರು. ಜೊತೆಗೆ, ಏನಾದರೂ ಆಗಿ ಹೋದವರು ಇಂಥ ಮಾತು ಆಡಲು ಇಲ್ಲಿರುವುದಿಲ್ಲ.

ಇನ್ನು ಜಾಗದ ಪ್ರಶ್ನೆ. ಮಣ್ಣು ತಿನ್ನುವುದನ್ನು ಸಮರ್ಥಿಸುವ ಗಂಭೀರ ವಿದ್ವಾಂಸರೂ ಇದ್ದಾರೆ. ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2011ರಲ್ಲಿ ಪುಸ್ತಕ ಬರೆದ ಸೆರಾ ಯಂಗ್, ಜೇಡಿಮಣ್ಣು ಕರುಳಿನಲ್ಲಿ ವಿಷವನ್ನೂ ರೋಗಾಣುವನ್ನೂ ಹಿಡಿದಿಟ್ಟುಕೊಂಡು ರಕ್ಷಣೆ ಕೊಡಬಹುದು ಎಂಬ ವಾದವನ್ನು ಗಟ್ಟಿಯಾಗಿ ಮುಂದಿಟ್ಟಿದ್ದಾರೆ. ಅವರ ತಂಡ 2007ರಲ್ಲಿ ಜಾಂಜಿಬಾರ್‌ನಿಂದ ಪ್ರಕಟಿಸಿದ ಅಧ್ಯಯನದಲ್ಲಿ ಮಣ್ಣು ತಿನ್ನುವುದಕ್ಕೂ ಕೊಕ್ಕೆಹುಳು, ಚಾಟಿಹುಳುಗಳ ಸೋಂಕಿಗೂ ನಂಟು ಕಾಣಲಿಲ್ಲ. ಅದೇ ಪೂರ್ವ ಆಫ್ರಿಕಾದ ಪಶ್ಚಿಮ ಕೆನ್ಯಾದಲ್ಲಿ ಗರ್ಭಿಣಿಯರನ್ನು ಹಿಂಬಾಲಿಸಿದ ಅಧ್ಯಯನ, ಮಣ್ಣು ತಿನ್ನುವವರಿಗೆ ಔಷಧ ಕೊಟ್ಟ ಮೇಲೂ ಜಂತುಹುಳು ಮರುಕಳಿಸುವುದು ಹೆಚ್ಚು ಎಂದಿತು. ಇವೆರಡರಲ್ಲಿ ಒಂದು ಸುಳ್ಳಾಗಿರಲೇಬೇಕೆಂದಿಲ್ಲ. ಬಯಕೆಯಿಂದ ಮಣ್ಣು ತಿನ್ನುವ ದೊಡ್ಡವರು ಬಹಳ ಆಯ್ಕೆ ಮಾಡುತ್ತಾರೆ. ಮೇಲ್ಮಣ್ಣು ಕೆರೆದು ತೆಗೆದು ಒಳಗಿನದನ್ನು ಅಗೆಯುತ್ತಾರೆ, ಕಲ್ಲು ಬೇರು ಆರಿಸುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ, ಕೆಂಡದಲ್ಲಿ ಸುಡುತ್ತಾರೆ. ಆಳದ ಮಣ್ಣಿಗೆ ನಾಯಿಯ ಮಲ ಮುಟ್ಟಿರುವುದಿಲ್ಲ. ಸುಟ್ಟ ಮಣ್ಣಿನಲ್ಲಿ ಮೊಟ್ಟೆ ಬದುಕಿರುವುದಿಲ್ಲ. ಈಗ ಅಂತರ್ಜಾಲದ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುವ ಸುಟ್ಟ ಮಣ್ಣಿನ ಬಿಲ್ಲೆ, ಬಳಪಗಳಲ್ಲಿ ಹುಳುವಿನ ಭಯ ಹೆಚ್ಚೇನೂ ಇಲ್ಲ. ಅಲ್ಲಿಯ ಭಯ ಬೇರೆ: ಸೀಸ ಮತ್ತು ಆರ್ಸೆನಿಕ್ ಬೆಂಕಿಗೆ ಸಾಯುವಂಥವಲ್ಲ, ಬಸುರಿಯರಿಗೆಂದೇ ಮಾರುವ ಇಂಥ ಮಣ್ಣಿನ ಬಗ್ಗೆ ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಕೊಟ್ಟಿರುವುದು ಅವುಗಳಿಗಾಗಿ. ಹುಳುವಿನ ಮಟ್ಟಿಗೆ ನಿಜವಾದ ಅಪಾಯವಿರುವುದು ಆಯ್ಕೆಯಿಲ್ಲದೆ ಮೇಲ್ಮಣ್ಣನ್ನು ತಿನ್ನುವವರಿಗೆ. ಅವರು ಪುಟ್ಟ ಮಕ್ಕಳು, ಆಟಿಸಂ ಅಥವಾ ಬುದ್ಧಿ ಬೆಳವಣಿಗೆಯ ತೊಡಕಿರುವವರು, ಮರೆವಿನ ಕಾಯಿಲೆಯ ವೃದ್ಧರು. ‘ಮಣ್ಣು ತಿನ್ನುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಇವರೆಲ್ಲರನ್ನೂ ಬಳಪದ ಬಸುರಿಯೊಂದಿಗೆ ಸೇರಿಸಿದರೆ ಯಾರ ಅಪಾಯವೂ ಸರಿಯಾಗಿ ತಿಳಿಯುವುದಿಲ್ಲ. ಹುತ್ತದ ಮಣ್ಣೋ, ನಾಯಿ ಮಲಗುವ ಜಗಲಿಯ ಮೂಲೆಯ ಮಣ್ಣೋ ಎಂದು ಕೇಳದೆ ಬರೆದ ರೋಗಚರಿತ್ರೆ ಅರೆಬರೆ.

ನಮಗೆ ಹೆಚ್ಚು ಹತ್ತಿರದ ಹುಳು ಇನ್ನೊಂದಿದೆ. ಅದು ಮಣ್ಣಿಗಿಂತ ಮಣ್ಣಿನ ಮೇಲೆ ಹರಿಯುವ ಜೀವಿಯಲ್ಲಿ ಅಡಗಿರುತ್ತದೆ. ಇಲಿಯ ಶ್ವಾಸಕೋಶದ ಹುಳು ಎಂದು ಕರೆಯುವ ಆಂಜಿಯೊಸ್ಟ್ರಾಂಜಿಲಸ್ ಕ್ಯಾಂಟನೆನ್ಸಿಸ್ ಅನ್ನು ಮೊದಲು ವರ್ಣಿಸಿದ್ದು 1935ರಲ್ಲಿ, ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ. ಇಲಿಯ ಹಿಕ್ಕೆಯಲ್ಲಿ ಹೊರಬಂದ ಮರಿಗಳನ್ನು ಬಸವನಹುಳು ತಿನ್ನುತ್ತದೆ, ಬಸವನಹುಳುವನ್ನು ಇಲಿ ತಿನ್ನುತ್ತದೆ, ಇಲಿಯಲ್ಲಿ ಮರಿಗಳು ಮೊದಲು ಮಿದುಳಿಗೆ ಹೋಗಿ ಅಲ್ಲಿ ಕೆಲವು ವಾರ ಬೆಳೆದು ಆಮೇಲೆ ಶ್ವಾಸಕೋಶದ ರಕ್ತನಾಳಗಳಿಗೆ ಇಳಿಯುತ್ತವೆ. ಮನುಷ್ಯ ಇಲಿಯ ಜಾಗದಲ್ಲಿ ನಿಂತಾಗ ಮರಿಗಳು ಮಿದುಳಿನವರೆಗೆ ಸರಿಯಾಗಿಯೇ ಬರುತ್ತವೆ. ಮುಂದಿನ ದಾರಿ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಹೆಚ್ಚಿನವು ಮಿದುಳಿನ ಹೊದಿಕೆಯ ಬಳಿಯೇ ಸಾಯುತ್ತವೆ, ಸತ್ತ ಹುಳುವಿನ ಸುತ್ತ ದೇಹ ಎಬ್ಬಿಸುವ ಉರಿಯೂತವೇ ಮೆನಿಂಜೈಟಿಸ್. ಬೀಜಿಂಗ್‌ನಲ್ಲಿ 2006ರಲ್ಲಿ ಸರಿಯಾಗಿ ಬೇಯಿಸದ ಬಸವನಹುಳು ತಿಂದ ಸುಮಾರು 160 ಮಂದಿ ಒಮ್ಮೆಗೇ ಹಾಸಿಗೆ ಹಿಡಿದರು. ಅವರದು ಊಟ. ಹಿಂದೂ ಮಹಾಸಾಗರದ ಮಯೊಟ್ ದ್ವೀಪದಲ್ಲಿ ಹಸುಳೆಗಳಿಗೆ ಈ ಕಾಯಿಲೆ ಬಂದದ್ದು ಅಂಗಳದಲ್ಲಿ ಹರಿಯುತ್ತಿದ್ದ ಆಫ್ರಿಕನ್ ದೈತ್ಯ ಬಸವನಹುಳುಗಳ ಒಡನಾಟದಿಂದ. ಮಕ್ಕಳು ಅವನ್ನು ಹಿಡಿದು ಆಡುತ್ತಿದ್ದವು, ಬಾಯಿಗಿಡುತ್ತಿದ್ದವು. ಸಿಡ್ನಿಯಲ್ಲಿ 2010ರಲ್ಲಿ ಗೆಳೆಯರ ಪಂಥಕ್ಕೆ ಚಿಪ್ಪಿಲ್ಲದ ಬಸವನಹುಳು ನುಂಗಿದ ಯುವಕ ಒಂದು ವರ್ಷಕ್ಕೂ ಮೀರಿ ಕೋಮಾದಲ್ಲಿದ್ದು, ಕೈಕಾಲುಗಳ ಸ್ವಾಧೀನ ಕಳೆದುಕೊಂಡು ಬದುಕಿ 2018ರಲ್ಲಿ ತೀರಿಕೊಂಡ. ಜಗತ್ತಿನ ಪತ್ರಿಕೆಗಳೆಲ್ಲ ಆ ಸುದ್ದಿಯನ್ನು ಚಪ್ಪರಿಸಿದವು. ಹುಳುವಿನ ಹೆಸರು ಅದರಿಂದ ಪ್ರಸಿದ್ಧವಾಯಿತೇನೋ ನಿಜ, ಆದರೆ ಇದು ಹುಡುಗಾಟದ ಹುಡುಗರ ಕಾಯಿಲೆ ಎಂಬ ತಪ್ಪು ಕಲ್ಪನೆಯೂ ಜೊತೆಗೆ ಹರಡಿತು.

ಆ ದೈತ್ಯ ಬಸವನಹುಳು ನಮಗೆ ಹೊಸದಲ್ಲ. 1847ರ ಹೊತ್ತಿಗೆ ಕಲ್ಕತ್ತೆಯ ತೋಟಕ್ಕೆ ಮಾರಿಷಸ್‌ನಿಂದ ತಂದುಬಿಟ್ಟದ್ದು ಈಗ ದೇಶದ ಬಹುಭಾಗಕ್ಕೆ ಹಬ್ಬಿದೆ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಬೆಳೆಗಾರರು ಬಕೆಟ್‌ಗಟ್ಟಲೆ ಆರಿಸಿ ಉಪ್ಪು ಸುರಿಯುತ್ತಾರೆ. ಎಲ್ಲ ಬಸವನಹುಳುವಿನಲ್ಲೂ ಈ ಮರಿಗಳಿರುತ್ತವೆ ಎಂದು ಇದರರ್ಥವಲ್ಲ. ಆದರೆ ಪಕ್ಕದ ಕೇರಳದಲ್ಲಿ ಇಯೊಸಿನೊಫಿಲ್ ಮೆನಿಂಜೈಟಿಸ್ ಪ್ರಕರಣಗಳು ಎರಡು ದಶಕಗಳಿಂದ ವರದಿಯಾಗುತ್ತಿವೆ. ಅವುಗಳಲ್ಲಿ ಹಲವಕ್ಕೆ ಕಾರಣ ಶಕ್ತಿ ಬರುತ್ತದೆಂದು ತಿಂದ ಉಡದ ಹಸಿ ಮಾಂಸ. ಬಸವನಹುಳು ತಿನ್ನುವ ಉಡದ ಮೈಯಲ್ಲಿ ಮರಿಗಳು ಸಂಗ್ರಹವಾಗಿರುತ್ತವೆ. ಉಡದ ಮಾಂಸ ಮುಟ್ಟದ ಪುಟ್ಟ ಮಕ್ಕಳಲ್ಲೂ ಅಲ್ಲಿ ಈ ಕಾಯಿಲೆ ಕಂಡಿದೆ. ಇಲ್ಲಿ ಒಂದು ಗೊಂದಲ ತಿಳಿಗೊಳಿಸಬೇಕು. 2024 ಮತ್ತು 2025ರಲ್ಲಿ ಕೇರಳದಿಂದ ಬಂದ ‘ಮಿದುಳು ತಿನ್ನುವ ಅಮೀಬಾ’ ಸುದ್ದಿಗೂ ಇದಕ್ಕೂ ಸಂಬಂಧವಿಲ್ಲ. ನೇಗ್ಲೇರಿಯಾ ಎಂಬ ಆ ಅಮೀಬಾ ಒಳಹೋಗುವುದು ಮೂಗಿನಿಂದ. ನುಂಗಿದರೆ ಅದು ಏನೂ ಮಾಡದು. ಮಣ್ಣು ನುಂಗುವುದರ ಜೊತೆ ನಿಜವಾಗಿ ಸಂಬಂಧವಿರುವ, ನಮ್ಮಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಾಣುವ ಮಿದುಳಿನ ಹುಳು ಎಂದರೆ ಹಂದಿಯ ಲಾಡಿಹುಳುವಿನ ಮರಿ. ಅದರ ಮೊಟ್ಟೆ ಬರುವುದು ಮನುಷ್ಯನ ಮಲದಿಂದ. ಬಯಲಿನ ಮಣ್ಣು, ತೊಳೆಯದ ಸೊಪ್ಪು, ಕೈ ಮೂಲಕ ಹೊಟ್ಟೆ ಸೇರುವುದರಿಂದಲೇ ಹುಟ್ಟಿನಿಂದ ಮಾಂಸ ಮುಟ್ಟದವರ ಮಿದುಳಿನ ಸ್ಕ್ಯಾನ್‌ನಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ ಅದು ಫಿಟ್ಸ್ ತರುತ್ತದೆ, ಕೆಲವೊಮ್ಮೆ ಮಿದುಳಿನ ತಳದಲ್ಲಿ ಗೊಂಚಲಾಗಿ ಬೆಳೆದು ಮೆನಿಂಜೈಟಿಸ್ ತರುತ್ತದೆ.

ಕಾಯಿಲೆ ಬಂದ ಮೇಲೆ ಪತ್ತೆಯಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ರೋಗಿಯ ಮಾತಿಗೆ ನಾನೇಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಎಂಬುದು ಅರ್ಥವಾಗುತ್ತದೆ. ಬೆನ್ನಿನಿಂದ ಕೆಲವು ಹನಿ ನೀರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಮೊದಲು ಗೆರೆ ಕೊರೆದ ಗಾಜಿನ ಹಲಗೆಯ ಮೇಲೆ ಹನಿಯಿಟ್ಟು ಕಣಗಳನ್ನು ಎಣಿಸುತ್ತಾರೆ. ಬಣ್ಣ ಹಾಕದ ಆ ಹನಿಯಲ್ಲಿ ಇಯೊಸಿನೊಫಿಲ್ ಅನ್ನು ಉಳಿದ ಬಿಳಿ ಕಣಗಳಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಅದನ್ನು ನ್ಯೂಟ್ರೊಫಿಲ್ ಎಂದೇ ಬರೆದುಬಿಡುವ ಸಾಧ್ಯತೆಯಿದೆ. ಗೀಮ್ಸಾ ಅಥವಾ ಲೀಶ್ಮನ್ ಬಣ್ಣ ಹಾಕಿ ನೋಡಿದಾಗಲಷ್ಟೇ ಎರಡು ಹೋಳಿನ ನ್ಯೂಕ್ಲಿಯಸ್ಸು, ಅದರ ಸುತ್ತ ಕಿತ್ತಳೆಗೆಂಪು ಕಾಳುಗಳು ಎದ್ದು ಕಾಣುತ್ತವೆ. ಬಿಳಿ ಕಣಗಳಲ್ಲಿ ಶೇ 10 ಅಥವಾ ಒಂದು ಮೈಕ್ರೊಲೀಟರ್‌ಗೆ 10 ಇಯೊಸಿನೊಫಿಲ್ ಇದ್ದರೆ ಹುಳುವಿನ ಗುಮಾನಿ ಗಟ್ಟಿಯಾಗುತ್ತದೆ. ಬಣ್ಣಕ್ಕೇನೂ ಹೆಚ್ಚು ಖರ್ಚಿಲ್ಲ, ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದಲ್ಲೂ ಅದು ಇದ್ದೇ ಇರುತ್ತದೆ. ಅದನ್ನು ಹಾಕಿ ನೋಡಿ ಎಂದು ಚೀಟಿಯಲ್ಲಿ ಬರೆಯುವ ಯೋಚನೆ ವೈದ್ಯರಿಗೆ ಬರಬೇಕಷ್ಟೆ. ನಮ್ಮ ದೇಶದಲ್ಲಿ ದಿನಗಟ್ಟಲೆ ಎಳೆಯುವ ಮೆನಿಂಜೈಟಿಸ್ ಕಂಡರೆ ಕ್ಷಯವನ್ನು ಮೊದಲು ನೆನೆಯುವುದು ಸರಿಯಾದ ವೈದ್ಯ ಪದ್ಧತಿಯೇ. ತಡಮಾಡಿದರೆ ಕ್ಷಯದ ಮೆನಿಂಜೈಟಿಸ್ ಕೊಲ್ಲುತ್ತದೆ. ತೊಡಕು ಅದರ ಮುಂದಿನ ಹಂತದಲ್ಲಿದೆ. ಕ್ಷಯದ ಔಷಧಗಳ ಜೊತೆ ಸ್ಟೀರಾಯ್ಡ್ ಕೊಡುತ್ತಾರೆ, ಇಲಿಹುಳುವಿನ ಮೆನಿಂಜೈಟಿಸ್‌ಗೂ ಸ್ಟೀರಾಯ್ಡ್ ಹಿತ ಕೊಡುತ್ತದೆ. ರೋಗಿ ಚೇತರಿಸಿಕೊಂಡರೆ ಕ್ಷಯ ಎಂಬ ಊಹೆಯೇ ಗೆದ್ದಂತಾಗಿ, ಬೇಡದ ಮಾತ್ರೆಗಳು ವರ್ಷದವರೆಗೂ ಮುಂದುವರಿಯಬಹುದು. ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುವ ಇಂಥ ರೋಗನಿರ್ಣಯದಿಂದ ಹೊರಬರುವ ದಾರಿ ಒಂದೇ: ‘ಮೂರು ನಾಲ್ಕು ವಾರದ ಹಿಂದೆ ಮಗು ಬಾಯಿಗೆ ಏನು ಹಾಕಿಕೊಂಡಿತ್ತು?’ ಎಂಬ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಬಲ್ಲವರು ಆಸ್ಪತ್ರೆಯಲ್ಲಿರುವುದೇ ಇಲ್ಲ ಎಂಬುದು ಇನ್ನೊಂದು ಕಥೆ. ಮಗುವನ್ನು ಎತ್ತಿಕೊಂಡು ಓಡಿಬರುವವರು ಅಪ್ಪ-ಅಮ್ಮ. ಹಗಲೆಲ್ಲ ನೋಡಿಕೊಳ್ಳುವವರು ಅಜ್ಜಿ, ಅಂಗನವಾಡಿಯ ಸಹಾಯಕಿ, ಪಕ್ಕದ ಮನೆಯ ಅಕ್ಕ. ‘ನೀವು ಸರಿಯಾಗಿ ನೋಡಿಕೊಂಡಿಲ್ಲ’ ಎಂಬ ಮಾತು ಎಲ್ಲಿ ಬರುತ್ತದೋ ಎಂದು ಅವರು ಅಂಜಿರುತ್ತಾರೆ. ಬಸುರಿಗೆ ಅತ್ತೆಯ ಮುಂದೆ, ಹುಡುಗಿಗೆ ಶಿಕ್ಷಕರ ಮುಂದೆ ಬಳಪದ ಮಾತೆತ್ತಲು ಸಂಕೋಚ. ಮಣ್ಣು ತಿನ್ನುವುದನ್ನು ಬೆದರಿಸಿ ಬಿಡಿಸಬಹುದು ಎಂಬ ನಂಬಿಕೆ ಎಲ್ಲ ಕಾಲಕ್ಕೂ ಇದೆ, ಅದರ ಅತಿರೇಕವನ್ನೂ ಚರಿತ್ರೆ ಕಂಡಿದೆ. ಕೆರಿಬಿಯನ್ ದ್ವೀಪಗಳ ಮತ್ತು ಬ್ರೆಜಿಲ್‌ನ ಕಬ್ಬಿನ ತೋಟಗಳಲ್ಲಿ ಮಣ್ಣು ತಿನ್ನುವ ಗುಲಾಮರ ಮುಖಕ್ಕೆ ಲೋಹದ ಮುಸುಕು ತೊಡಿಸಿ ಬೀಗ ಹಾಕುತ್ತಿದ್ದರು. ಅರೆಹೊಟ್ಟೆ, ರಕ್ತಹೀನತೆ, ಕೊಕ್ಕೆಹುಳುಗಳಿಂದ ಬಳಲಿದ ಮೈಗೆ ತೋಟದ ಮಾಲೀಕರು ಕಂಡುಕೊಂಡ ಔಷಧ ಅದು. ಇಂದು ಮುಸುಕಿಲ್ಲ. ಕೈಗೆ ಬೇವಿನೆಣ್ಣೆ ಸವರುವುದು, ಬರೆ ಹಾಕುತ್ತೇನೆಂದು ಹೆದರಿಸುವುದು, ನೆಂಟರ ಮುಂದೆ ಹಂಗಿಸುವುದು ಇವೆ. ಇದರಿಂದ ಮಗು ಮಣ್ಣು ತಿನ್ನುವುದನ್ನು ಬಿಡುವುದಿಲ್ಲ. ಕಾಣದ ಮೂಲೆಗೆ ಹೋಗಿ ತಿನ್ನುತ್ತದೆ. ಕಾಣದ ಮೂಲೆ ಎಂದರೆ ಹಿತ್ತಿಲ ಹಿಂಬದಿ, ಸೌದೆ ರಾಶಿಯ ಸಂದಿ, ನಾಯಿ ಬೆಕ್ಕು ಇಲಿಗಳು ಓಡಾಡುವ ಜಾಗ.

‘ಇಷ್ಟು ಅಪರೂಪದ ಕಾಯಿಲೆಗೆ ತಾಯಂದಿರನ್ನು ಯಾಕೆ ಹೆದರಿಸುತ್ತೀರಿ’ ಎನ್ನುವವರ ಮಾತಿಗೆ ತೂಕವಿದೆ. ಹೆದರಿಸುವುದರಿಂದ ಪ್ರಯೋಜನವಿಲ್ಲ ಎಂಬುದನ್ನು ಒಪ್ಪುತ್ತೇನೆ. ಹೆದರಿದ ಮನೆಯಲ್ಲಿ ಮಗುವಿಗೆ ಅಂಗಳವೇ ಬಂದ್ ಆಗುತ್ತದೆ, ಅದು ಇನ್ನೂ ದೊಡ್ಡ ನಷ್ಟ. ಆದರೆ ‘ಅಪರೂಪ’ ಎಂಬ ಲೆಕ್ಕವೇ ಇಲ್ಲಿ ಪೂರ್ತಿ ನಂಬಲರ್ಹವಲ್ಲ. ಕೇಳದಿದ್ದರೆ, ಬಣ್ಣ ಹಾಕಿ ನೋಡದಿದ್ದರೆ ಎಣಿಕೆಗೆ ಸಿಗದ ಕಾಯಿಲೆ ಇದು. ಎರಡನೆಯ ಆಕ್ಷೇಪ ಇನ್ನೂ ವಾಸ್ತವದ್ದು: ವರ್ಷಕ್ಕೆ ಎರಡು ಬಾರಿ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ, ಶಾಲೆ ಅಂಗನವಾಡಿಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರಲ್ಲ, ಅದು ಸಾಲದೇ? 2015ರಿಂದ ನಡೆಯುತ್ತಿರುವ ಆ ಕಾರ್ಯಕ್ರಮ ಒಳ್ಳೆಯದು, ತಪ್ಪಿಸಬಾರದು. ಆದರೆ 400 ಮಿಲಿಗ್ರಾಂನ ಆ ಒಂದು ಆಲ್ಬೆಂಡಜೋಲ್ ಮಾತ್ರೆಯ ಗುರಿ ಕರುಳಿನಲ್ಲಿರುವ ಜಂತುಹುಳು, ಕೊಕ್ಕೆಹುಳುಗಳು. ಕರುಳು ದಾಟಿ ಮಾಂಸ, ಕಣ್ಣು, ಮಿದುಳು ಸೇರಿದ ಮರಿಗೆ ಅದು ತಲುಪುವ ಪ್ರಮಾಣವೂ ಅಲ್ಲ, ಅವಧಿಯೂ ಅಲ್ಲ. ಮಿದುಳಿಗೆ ತಲುಪಿದ ಮೇಲೆ ಅದೇ ಔಷಧವನ್ನು ಹೆಚ್ಚು ಕೊಟ್ಟರೂ ಸಾಯುವ ಹುಳುಗಳಿಂದ ಉರಿಯೂತ ಕೆರಳುವ ಭಯ ಇರುವುದರಿಂದ ಸ್ಟೀರಾಯ್ಡ್ ಕಾವಲಿಟ್ಟು ಕೊಡಬೇಕಾಗುತ್ತದೆ. ಇದನ್ನು ಮನೆಯಲ್ಲಿ ಮಾಡುವಂತಿಲ್ಲ.

ಕೊನೆಯದಾಗಿ ವೈದ್ಯರೇ ಎತ್ತುವ ಪ್ರಶ್ನೆ: ಉತ್ತರ ಗೊತ್ತಾದರೂ ಮಾಡುವುದೇನು? ಮಾಡುವುದಿದೆ, ಬೇಗ ಗೊತ್ತಾದಷ್ಟೂ ಹೆಚ್ಚು ಇದೆ. ರಕೂನ್ ಮಲ ಬಿದ್ದ ಮಣ್ಣನ್ನು ಮಗು ತಿಂದಿದೆ ಎಂದು ತಿಳಿದರೆ ಲಕ್ಷಣಗಳಿಗೆ ಕಾಯದೆ, ಸಾಧ್ಯವಾದರೆ ಮೂರು ದಿನದೊಳಗೆ ಆಲ್ಬೆಂಡಜೋಲ್ ಶುರುಮಾಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಮಿದುಳಿಗೆ ಹೊರಟ ಮರಿಗಳನ್ನು ದಾರಿಯಲ್ಲೇ ತಡೆಯುವ ಅವಕಾಶ ಅದು. ಲಕ್ಷಣ ಕಾಣುವ ಹೊತ್ತಿಗೆ ಆ ಅವಕಾಶ ಬಹುಮಟ್ಟಿಗೆ ಮುಗಿದಿರುತ್ತದೆ. ಇಲಿಹುಳುವಿನ ಮೆನಿಂಜೈಟಿಸ್‌ನಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಥಾಯ್ಲೆಂಡ್‌ನಲ್ಲಿ 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವಾರ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಪಡೆದವರ ತಲೆನೋವು ಸುಮಾರು ಐದು ದಿನಕ್ಕೆ ಹೋಯಿತು, ಪಡೆಯದವರಿಗೆ ಹದಿಮೂರು ದಿನ ಬೇಕಾಯಿತು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನಿಸುವಂಥ ತಲೆನೋವದು. ಎಂಟು ದಿನದ ವ್ಯತ್ಯಾಸ ಅನುಭವಿಸುವವರಿಗೆ ಚಿಕ್ಕದಲ್ಲ. ಇವೆಲ್ಲಕ್ಕೂ ಮೊದಲಿನ, ಎಲ್ಲಕ್ಕಿಂತ ಸುಲಭದ ಕೆಲಸ ತಾಯಿ ಕಾರ್ಡ್ ಹಿಡಿದು ಬಂದ ಬಸುರಿಯನ್ನೂ, ತೂಕ ನೋಡಲು ಅಂಗನವಾಡಿಗೆ ಬಂದ ಮಗುವಿನ ಅಜ್ಜಿಯನ್ನೂ ಆಶಾ ಕಾರ್ಯಕರ್ತೆ ಹಗುರ ದನಿಯಲ್ಲಿ ಕೇಳುವುದು: ‘ಬಳಪ, ಮಣ್ಣು, ಬೂದಿ ಇಂಥದ್ದೇನಾದರೂ ತಿನ್ನಬೇಕು ಅನ್ನಿಸುತ್ತದೇನಮ್ಮಾ? ಬಹಳ ಜನಕ್ಕೆ ಅನ್ನಿಸುತ್ತದೆ.’ ಹೌದೆಂದರೆ ಮುಂದಿನದು ರಕ್ತ ಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ. ಕೊರತೆಯಿಂದ ಹುಟ್ಟಿದ ಬಯಕೆಯಾಗಿದ್ದರೆ, ಹಿಮೋಗ್ಲೋಬಿನ್ ಅಂಕಿ ಏರುವುದಕ್ಕೂ ಮುಂಚೆ, ಒಂದೆರಡು ವಾರದಲ್ಲೇ ಅದು ಎಷ್ಟೋ ಸಲ ತಾನಾಗಿ ಇಳಿಯುತ್ತದೆ.